ಬಿ.ಇಡಿ ಸೀಟು ಕೊಡುವ ಮೊದಲು ಲೆಕ್ಕ ತೋರಿಸಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಹಾವೇರಿ ಜಿಲ್ಲೆಯ ಒಬ್ಬ ಅತಿಥಿ ಶಿಕ್ಷಕಿಯ ನಮಸ್ಕಾರಗಳು.

ಸರ್, 2025ರ ಯುಗಾದಿಗೆ ನಮ್ಮ ಚಿಗವ್ವನ ಮಗಳು ಮನೆಗೆ ಬಂದಿದ್ದಳು. ಅವಳು ಬಿ.ಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಬೇವು ಕುಡಿದು, ಹೋಳಿಗೆ ಊಟ ಮುಗಿಸಿ, ಪಡಸಾಲೆಯಲ್ಲಿ ಕೂತಾಗ ಕೇಳಿದಳು: "ಅಕ್ಕಾ, ನಾನೂ ಬಿ.ಇಡಿ ಮಾಡ್ಲೇನು? ಎಷ್ಟು ಖರ್ಚು ಬರತೈತಿ, ಆಮ್ಯಾಲೆ ಎಷ್ಟು ಸಿಗತೈತಿ, ನೀನಽ ಹೇಳು." ನನಗೆ ಬಾಯಿ ಬರಲಿಲ್ಲ. ಮಾಡು ಅಂದರೆ ಅವಳ ಮನೆಯವರನ್ನು ಸಾಲಕ್ಕೆ ತಳ್ಳಿದ ಹಾಗೆ. ಬೇಡ ಅಂದರೆ, ಚೆನ್ನಾಗಿ ಪಾಠ ಹೇಳಬಲ್ಲ ಹುಡುಗಿಯೊಬ್ಬಳನ್ನು ನಾನೇ ಕೈ ಹಿಡಿದು ಶಾಲೆಯಿಂದ ಹೊರಗೆ ಕಳಿಸಿದ ಹಾಗೆ.

ಅವಳಿಗೆ ಕೊಡಲಾಗದ ಉತ್ತರವನ್ನು ನೀವು ಕೊಡಬಹುದು ಅನ್ನಿಸಿತು. ಅದಕ್ಕೇ ಈ ಪತ್ರ.

ನಮ್ಮ ಅಪ್ಪ ಓದಿದ್ದು ಏಳನೇ ತರಗತಿ. ಆದರೆ ಲೆಕ್ಕ ಬರೆಯುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಗೊಬ್ಬರ, ಬೀಜ, ಎಣ್ಣಿ ಹೊಡೆಸಿದ ಕೂಲಿ, ಮೆಕ್ಕೆಜೋಳ ಮಾರಿದ ದುಡ್ಡು, ಎಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಬಿ.ಇಡಿ ಲೆಕ್ಕವೂ ಇದೆ. ಆ ಸಂಜೆ ಅದನ್ನು ತೆಗೆದು ತಂಗಿಯ ಮುಂದೆ ಇಟ್ಟೆ. ಈಗ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

2021ರ ಜನವರಿಯಲ್ಲಿ ನಾನು ಧಾರವಾಡದ ಒಂದು ಖಾಸಗಿ ಕಾಲೇಜಿಗೆ ಸೇರಿದೆ. ಮೊದಲ ವರ್ಷದ ಫೀ 38,000. ಎರಡನೇ ವರ್ಷ 32,000. ನಾಲ್ಕು ಸೆಮಿಸ್ಟರಿನ ಪರೀಕ್ಷಾ ಶುಲ್ಕ ಸೇರಿ 8,000. ಯೂನಿಫಾರ್ಮ್ ಸೀರೆ, ಪ್ರವಾಸ, ಸಿಟಿಜನ್‌ಶಿಪ್ ಕ್ಯಾಂಪ್ ಅಂತ ರಸೀದಿ ಇಲ್ಲದೆ ಕೊಟ್ಟದ್ದು 6,500. ಪಾಠ ಯೋಜನೆಯ ರೆಕಾರ್ಡು, ಚಾರ್ಟು, ಥರ್ಮಾಕೋಲು, ಬಣ್ಣ, ಝೆರಾಕ್ಸು, ಬೈಂಡಿಂಗು 11,000. ಸಪ್ತಾಪುರ ಬಾವಿ ಹತ್ತಿರ ನಾಲ್ಕು ಜನರ ರೂಮಿನಲ್ಲಿ ನನ್ನ ಪಾಲಿನ ಬಾಡಿಗೆ 1,800, ಮೆಸ್ಸಿಗೆ 2,500. ಕೊರೊನಾ ಅಂತ ಮನೆಯಲ್ಲೇ ಇದ್ದ ತಿಂಗಳು ಬಿಟ್ಟು 20 ತಿಂಗಳಿಗೆ 86,000. ಊರಿಗೆ ಹೋಗಿ ಬಂದ ಬಸ್ ಚಾರ್ಜ್ 7,000. ಕೆಳಗೆ ಅಪ್ಪ ಗೆರೆ ಎಳೆದು ಕೂಡಿಸಿದ್ದಾರೆ: 1,88,500.

ಅಷ್ಟಕ್ಕೇ ಮುಗಿಯುವುದಿಲ್ಲ ಅಂತ ನಿಮಗೂ ಗೊತ್ತು. ಬಿ.ಇಡಿ ಪಾಸಾದರೆ ಸಾಲದು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಬೇಕು. ಅದಕ್ಕೆ ಮೂರು ತಿಂಗಳು ಧಾರವಾಡದಲ್ಲೇ ಉಳಿದೆ. ಕೋಚಿಂಗ್ 12,000, ರೂಮು ಮತ್ತು ಮೆಸ್ಸು 12,900, ಅರ್ಜಿ ಶುಲ್ಕ 700. ಇದನ್ನೂ ಸೇರಿಸಿದರೆ 2,14,100.

ಈ ದುಡ್ಡು ಎಲ್ಲಿಂದ ಬಂತು? ಒಂದಿಷ್ಟು ಮೆಕ್ಕೆಜೋಳದಿಂದ. 50,000 ಅವ್ವನ ಹೆಸರಿನಲ್ಲಿ ಸಂಘದಿಂದ. 60,000 ಅವ್ವನ ಕೊರಳ ಬೋರಮಾಳ ಒತ್ತೆ ಇಟ್ಟು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಸಂಘದ ಸಾಲ ತೀರಿತು. ಬೋರಮಾಳ ಇನ್ನೂ ಅಲ್ಲೇ ಇದೆ. 2021ರ ಜನವರಿಯಿಂದ 2025ರ ಏಪ್ರಿಲ್‌ವರೆಗೆ 51 ತಿಂಗಳಾಯಿತು, ಬಡ್ಡಿಯೇ 30,600. ಅವ್ವ ಯಾವ ಮದುವೆಗೆ ಹೊರಟರೂ ಕೊರಳ ಸುತ್ತ ಸೆರಗು ಹೊದ್ದುಕೊಂಡು ಹೋಗುತ್ತಾಳೆ. ಯಾಕೆ ಅಂತ ನನಗೆ ಗೊತ್ತು, ಅವಳು ಹೇಳುವುದಿಲ್ಲ.

ಇನ್ನು ಗಳಿಕೆಯ ಪುಟ. ಇದು ಬಹಳ ಚಿಕ್ಕದು.

ರಿಸಲ್ಟು, ಸರ್ಟಿಫಿಕೇಟು ಎಲ್ಲ ಕೈಗೆ ಬಂದದ್ದು 2023ರಲ್ಲಿ. ಎರಡು ವರ್ಷದ ಕೋರ್ಸು ಎರಡು ವರ್ಷಕ್ಕೇ ಮುಗಿಯಲಿಲ್ಲ. ಆ ಜೂನ್‌ನಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಗೆ ಸೇರಿದೆ. ತಿಂಗಳಿಗೆ 9,000. ಸೇರುವ ದಿನವೇ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಇಸಿದುಕೊಂಡರು. ನಡುವೆ ಬಿಟ್ಟರೆ ಎರಡು ತಿಂಗಳ ಸಂಬಳ ಕಟ್ಟಿ ತೆಗೆದುಕೊಂಡು ಹೋಗಬೇಕು ಅಂದರು. ಏಪ್ರಿಲ್, ಮೇ ಸಂಬಳವಿಲ್ಲ. ಹತ್ತು ತಿಂಗಳಿಗೆ 90,000 ಬಂತು. ಹುಬ್ಬಳ್ಳಿಯಲ್ಲಿ ಇರುವುದಕ್ಕೆ, ಉಣ್ಣುವುದಕ್ಕೆ ಅದರಲ್ಲಿ 50,000 ಹೋಯಿತು.

ಆ ಸೆಪ್ಟೆಂಬರ್‌ನಲ್ಲಿ ಟಿಇಟಿ ಎರಡನೇ ಪತ್ರಿಕೆ ಬರೆದೆ. 150ಕ್ಕೆ 90 ಬೇಕಿತ್ತು, ನನಗೆ 97 ಬಂತು. ಮನೆಯಲ್ಲಿ ಅವತ್ತು ಪಾಯಸ. ಎಲ್ಲರೂ ನೌಕರಿಯೇ ಸಿಕ್ಕಿತು ಅಂದುಕೊಂಡಿದ್ದರು. ಟಿಇಟಿ ಅಂದರೆ ನೌಕರಿ ಅಲ್ಲ, ನೌಕರಿಯ ಪರೀಕ್ಷೆ ಬರೆಯಲು ಸಿಗುವ ಅರ್ಹತೆ ಮಾತ್ರ ಅಂತ ಅಪ್ಪನಿಗೆ ತಿಳಿಸಿ ಹೇಳಲು ಒಂದು ತಾಸು ಬೇಕಾಯಿತು. "ಹಂಗಾದ್ರ ಆ ಪರೀಕ್ಷೆ ಯಾವಾಗ?" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರ ಜೂನ್ ನಡುವೆ ನಮ್ಮ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋದೆ. ತಿಂಗಳಿಗೆ 10,000 ಗೌರವಧನ. ಫೆಬ್ರವರಿವರೆಗಿನ 85,000 ಬಂದಿದೆ, ಅದೂ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ. ಮಾರ್ಚ್‌ದು ಇನ್ನೂ ಬಂದಿಲ್ಲ. ಅಂದರೆ ಬಿ.ಇಡಿ ಮುಗಿಸಿದ ಮೇಲೆ ಎರಡು ಶೈಕ್ಷಣಿಕ ವರ್ಷ ದುಡಿದು ನನ್ನ ಕೈಗೆ ಬಂದದ್ದು 1,75,000. ಇರುವ ಖರ್ಚು ಕಳೆಯದೆಯೂ, ಕಲಿಯಲು ಹಾಕಿದ ದುಡ್ಡು ವಾಪಸ್ ಬಂದಿಲ್ಲ.

ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಅವ್ವನಿಗೆ ದಿನಕ್ಕೆ 350 ರೂಪಾಯಿ ಕೂಲಿ ಸಿಗುತ್ತದೆ. ನನ್ನ 10,000ವನ್ನು 26 ದಿನಕ್ಕೆ ಹಂಚಿದರೆ 384. ಅವ್ವನ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಬಿಸಿಲಿನಲ್ಲಿ ಬಗ್ಗಿ ಬಿಡಿಸುವ ಅವಳ ಕೂಲಿ ಇನ್ನೂ ಜಾಸ್ತಿ ಆಗಬೇಕು. ಆದರೆ ಅವ್ವನಿಗೆ ಅವತ್ತಿನ ಕೂಲಿ ಅವತ್ತೇ ಸಂಜೆ ಕೈಗೆ ಬರುತ್ತದೆ. ನನ್ನದು ಮೂರು ತಿಂಗಳಾದರೂ ಬರುವುದಿಲ್ಲ. ಅಂಥ ಸಂಜೆಗಳಲ್ಲಿ ಮರುದಿನ ಶಾಲೆಗೆ ಹೋಗಲು ಪೆಟ್ರೋಲಿಗೆ ದುಡ್ಡನ್ನು ಅವಳ ಹತ್ತಿರವೇ ಇಸಿದುಕೊಂಡಿದ್ದೇನೆ. 2023ರ ಜೂನ್‌ನಿಂದ ನಮಗೆಲ್ಲ ಬಸ್ಸು ಫ್ರೀ ಆಗಿದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ನಾನು ಹೋಗುವ ಊರಿಗೆ ಬೆಳಿಗ್ಗೆ ಬರುವ ಬಸ್ಸು ಪ್ರಾರ್ಥನೆ ಮುಗಿದ ಮೇಲೆ ಮುಟ್ಟುತ್ತದೆ, ಅದಕ್ಕೆ ಅಣ್ಣನ ಗಾಡಿ.

ಇಷ್ಟೆಲ್ಲ ಬರೆದದ್ದು ನೋಡಿ ಈ ಹುಡುಗಿಗೆ ಕೆಲಸ ಬೇಸರವಾಗಿದೆ ಅಂದುಕೊಳ್ಳಬೇಡಿ ಸರ್. ಒಂದು ದಿನದ ಸಂಗತಿ ಹೇಳುತ್ತೇನೆ.

ಏಳನೇ ತರಗತಿಗೆ ಸರಳ ಬಡ್ಡಿ ಹೇಳುತ್ತಿದ್ದೆ. ಅಸಲು, ದರ, ಕಾಲ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಸುಮ್ನೆ ನೋಡುತ್ತಿದ್ದರು. ಪುಸ್ತಕದ ಲೆಕ್ಕ ಬಿಟ್ಟು, ನಿಮ್ಮ ಮನೆಯಲ್ಲಿ ಯಾರಾದರೂ ಬಡ್ಡಿ ಕಟ್ಟುತ್ತಾರಾ ಅಂತ ಕೇಳಿದೆ. ಅರ್ಧ ತರಗತಿ ಕೈ ಎತ್ತಿತು. ಹಿಂದಿನ ಸಾಲಿನಲ್ಲಿ ಯಾವಾಗಲೂ ತಲೆ ತಗ್ಗಿಸಿ ಕೂರುವ ಒಬ್ಬ ಹುಡುಗಿ ಎದ್ದು, "ನಮ್ಮವ್ವ 20 ಸಾವಿರ ತಗೊಂಡಾಳ್ರಿ ಅಕ್ಕೋರ, ನೂರಕ್ಕ ಎರಡು ರೂಪಾಯಿದಂಗ" ಅಂದಳು. ಬಾ, ನೀನೇ ಲೆಕ್ಕ ಹಾಕು ಅಂತ ಸೀಮೆಸುಣ್ಣ ಕೊಟ್ಟೆ. ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕು. ಸೂತ್ರ ಬರೆದಳು, ಸೊನ್ನೆ ಹೊಡೆದಳು, 4,800 ಅಂತ ಬರೆದು ಅದರ ಸುತ್ತ ಒಂದು ಡಬ್ಬಿ ಹಾಕಿದಳು. ಆಮೇಲೆ ಬೋರ್ಡನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತು, "ಇಷ್ಟಕ್ಕ ಒಂದು ಆಡು ಬರತಿತ್ತರೀ" ಅಂದಳು.

ಆ ದಿನದಿಂದ ಅವಳು ಮುಂದಿನ ಸಾಲಿಗೆ ಬಂದು ಕೂರತೊಡಗಿದಳು. ಮಕ್ಕಳಿಗೆ ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಕರೆದೊಯ್ಯಬೇಕು ಅಂತ ನನಗೆ ಕಲಿಸಿದ್ದು ಬಿ.ಇಡಿಯೇ. ನಮ್ಮ ಕಾಲೇಜಿನಲ್ಲಿ ಗಣಿತ ಬೋಧನೆ ಹೇಳುತ್ತಿದ್ದ ಮೇಡಂ ಒಬ್ಬರಿದ್ದರು, ಐದೈದು ನಿಮಿಷದ ಮೈಕ್ರೋ ಟೀಚಿಂಗ್ ಪಾಠವನ್ನು ನನ್ನ ಕೈಯಿಂದ ಒಂಬತ್ತು ಸಲ ಮಾಡಿಸಿದ್ದರು. ಹಾಗಾಗಿ ಬಿ.ಇಡಿ ಉಪಯೋಗವಿಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕಲಿತು ಬಂದವರಿಗೆ ನೀವು ಕೊಡುತ್ತಿರುವುದೇನು, ಮತ್ತು ಅದನ್ನು ಸೇರುವ ಮೊದಲೇ ಯಾಕೆ ಹೇಳುವುದಿಲ್ಲ ಅನ್ನುವುದು ನನ್ನ ಪ್ರಶ್ನೆ.

ಬಿ.ಇಡಿ ಮೊದಲು ಒಂದು ವರ್ಷದ್ದಿತ್ತು. ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು) 2014ರಲ್ಲಿ ತಂದ ನಿಯಮದಿಂದ 2015-16ರಲ್ಲಿ ಎರಡು ವರ್ಷವಾಯಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯ ನಂತರ ಆದ ಬದಲಾವಣೆ ಅದು. ಶಿಕ್ಷಕರ ತರಬೇತಿ ಗಟ್ಟಿಯಾಗಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಎರಡನೇ ವರ್ಷದ ಫೀ, ರೂಮು, ಮೆಸ್ಸು, ಆ ವರ್ಷ ದುಡಿಯದೆ ಹೋದ ದುಡ್ಡು, ಎಲ್ಲವನ್ನೂ ಹೊತ್ತದ್ದು ವಿದ್ಯಾರ್ಥಿಯ ಮನೆ. ನನ್ನ ಜೊತೆ ಬಿ.ಎಸ್ಸಿ ಮುಗಿಸಿದ ಗೆಳತಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದಳು, ತಿಂಗಳಿಗೆ 10,000. ನಾನು 2,14,100 ಖರ್ಚು ಮಾಡಿ ಮುಗಿಸುವ ಹೊತ್ತಿಗೆ ಅವಳು ಅದಕ್ಕಿಂತ ಜಾಸ್ತಿ ದುಡಿದಿದ್ದಳು. ಈಗಲೂ ಅವಳ ಸಂಬಳ ನನ್ನದಕ್ಕಿಂತ ಕಡಿಮೆ ಇಲ್ಲ, ಏಪ್ರಿಲ್ ಮೇ ತಿಂಗಳಲ್ಲೂ ಬರುತ್ತದೆ.

ಎರಡನೇ ವರ್ಷದ ದೊಡ್ಡ ಭಾಗ ಇಂಟರ್ನ್‌ಶಿಪ್. 16 ವಾರ ಒಂದು ಸರಕಾರಿ ಪ್ರೌಢಶಾಲೆಗೆ ನನ್ನನ್ನು ಹಾಕಿದ್ದರು. ಆ ವರ್ಷ ಅಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರೇ ಇರಲಿಲ್ಲ. ನಾನು ಹೋದ ಎರಡನೇ ದಿನಕ್ಕೇ ಎಂಟು ಮತ್ತು ಒಂಬತ್ತನೇ ತರಗತಿಯ ಗಣಿತದ ಪೀರಿಯಡ್‌ಗಳೆಲ್ಲ ನನ್ನ ಹೆಸರಿಗೆ ಬಂದವು. ಟೆಸ್ಟ್ ಪೇಪರ್ ತೆಗೆದೆ, ತಿದ್ದಿದೆ, ಅಂಕ ಏರಿಸಿದೆ. ಕಾಯಂ ಶಿಕ್ಷಕರ ಕೆಲಸವನ್ನೇ ಮಾಡಿದೆ. ಬಸ್ ಚಾರ್ಜೂ ನನ್ನದು, ಚಾರ್ಟೂ ನನ್ನದು, ಮೇಲೆ ಕಾಲೇಜಿಗೆ ಫೀ ಕಟ್ಟಿದ್ದೂ ನಾನೇ. ಕಲಿಯುವ ವಿದ್ಯಾರ್ಥಿ ಅಂತ ಕಳಿಸಿದವರು ಯಾರೂ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಪೂರ್ತಿ ನೋಡಲಿಲ್ಲ. ಎರಡು ಸಲ ಬಂದು ರೆಕಾರ್ಡಿಗೆ ಸಹಿ ಹಾಕಿ ಹೋದರು.

ಇನ್ನೊಂದು ಮಾತನ್ನೂ ಬಿಡದೆ ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಕೆಲವರನ್ನು ನಾನು ನೋಡಿದ್ದು ಪರೀಕ್ಷೆಯ ದಿನ ಮಾತ್ರ. 'ನಾನ್ ಅಟೆಂಡಿಂಗ್' ಅಂತ ಅದಕ್ಕೊಂದು ಹೆಸರು, ಅದಕ್ಕೊಂದು ರೇಟು. ಅವರ ರೆಕಾರ್ಡನ್ನು ದುಡ್ಡು ತೆಗೆದುಕೊಂಡು ಬೇರೆಯವರು ಬರೆದುಕೊಡುತ್ತಿದ್ದರು. ಆ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟೋ ಜನ ಎಲ್ಲೋ ದುಡಿಯುತ್ತ ಮನೆ ನಡೆಸುವವರೇ. ಸಿಟ್ಟು ಇರುವುದು, ಬರದೆ ಇದ್ದವರಿಗೂ ಒಂಬತ್ತು ಸಲ ಪಾಠ ಮಾಡಿದವರಿಗೂ ಒಂದೇ ಸರ್ಟಿಫಿಕೇಟ್ ಕೊಟ್ಟು, ಕೊನೆಗೆ ಆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲದ ಹಾಗೆ ಮಾಡಿದವರ ಮೇಲೆ.

ಇದರ ಫಲ ಎಲ್ಲರೂ ನೋಡಿದ್ದಾರೆ. 2022ರಲ್ಲಿ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಮೇ 21 ಮತ್ತು 22ಕ್ಕೆ ಪರೀಕ್ಷೆ ನಡೆಯಿತು. ಅಷ್ಟೊಂದು ಜನ ಬರೆದರೂ ಆಯ್ಕೆ ಪಟ್ಟಿ 15,000 ಮುಟ್ಟಲಿಲ್ಲ, 13,500ಕ್ಕಿಂತ ಕೆಳಗೇ ನಿಂತಿತು. ಒಂದು ಕಡೆ ಊರಿಗೆ ಹತ್ತು ಜನ ಬಿ.ಇಡಿ ಆದವರು, ಇನ್ನೊಂದು ಕಡೆ ತುಂಬದ ಹುದ್ದೆ. ಕಾಲೇಜಿನಲ್ಲಿ ಎರಡು ವರ್ಷ ಏನು ಕಲಿಸಲಾಯಿತು ಅಂತ ಇಲಾಖೆ ಅವತ್ತೇ ಕೇಳಬೇಕಿತ್ತು ಅಲ್ವಾ?

ಆಯ್ಕೆಯಾದವರ ಪಾಡೂ ಸುಲಭದ್ದಾಗಿರಲಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಲ್ಲಿ ಕೊಡಬೇಕೋ ಗಂಡನ ಹೆಸರಲ್ಲಿ ಕೊಡಬೇಕೋ ಅನ್ನುವ ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2022ರ ಮೇನಲ್ಲಿ ಪರೀಕ್ಷೆ ಬರೆದವರಲ್ಲಿ ಬಹಳಷ್ಟು ಜನ ಶಾಲೆಗೆ ಕಾಲಿಟ್ಟದ್ದು 2023ರ ಕೊನೆಗೆ. ಅಧಿಸೂಚನೆ ಬರೆಯುವಾಗ ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಅಷ್ಟು ಸಂಸಾರಗಳ ಒಂದೂವರೆ ವರ್ಷ ಉಳಿಯುತ್ತಿತ್ತು.

ನಾನು ಆ ಪರೀಕ್ಷೆಗೆ ಕೂರಲಾಗಲಿಲ್ಲ, ಆಗ ಬಿ.ಇಡಿ ಇನ್ನೂ ಮುಗಿದಿರಲಿಲ್ಲ. ಮುಂದಿನದು ಬರುತ್ತದೆ ಅಂತ ಕಾದೆ. ಟಿಇಟಿ ಮಾತ್ರ ತಪ್ಪದೆ ನಡೆಯುತ್ತಿದೆ. 2022ರ ನವೆಂಬರ್, 2023ರ ಸೆಪ್ಟೆಂಬರ್, 2024ರ ಜೂನ್. ಪ್ರತಿ ಸಲ ಅರ್ಹರ ಸಾಲು ಉದ್ದವಾಗುತ್ತದೆ, ಮುಂದಿನ ಬಾಗಿಲು ಮಾತ್ರ ತೆರೆಯುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದು ಆಗಲೇಬೇಕು. ಆದರೆ ಅದಕ್ಕೊಂದು ದಿನ ಗೊತ್ತು ಮಾಡಿ ಮುಗಿಸಿ. ಕಾಯುವ ಕಾಲದಲ್ಲಿ ವಯಸ್ಸು ಕಳೆದುಕೊಳ್ಳುವವರಲ್ಲಿ ಆ ಸಮುದಾಯಗಳ ಮಕ್ಕಳೂ ಇದ್ದಾರೆ. ಸಪ್ತಾಪುರದಲ್ಲಿ ನನ್ನ ಪಕ್ಕದ ರೂಮಿನ ಅಕ್ಕ ಒಬ್ಬರು 36 ದಾಟಿದ್ದಾರೆ. ಪ್ರತಿ ತಿಂಗಳು ಮನೆಯಿಂದ ರೊಟ್ಟಿ ಗಂಟು ಬರುತ್ತದೆ, ಅವರು ರೀಡಿಂಗ್ ರೂಮಿಗೆ ಹೋಗುತ್ತಲೇ ಇದ್ದಾರೆ.

ಹುದ್ದೆ ಖಾಲಿ ಇಲ್ಲವಾ? ಇಲ್ಲದಿದ್ದರೆ ಪ್ರತಿ ಜೂನ್‌ನಲ್ಲಿ ಸಾವಿರಾರು ಅತಿಥಿ ಶಿಕ್ಷಕರನ್ನು ಯಾಕೆ ಕರೆಯುತ್ತೀರಿ? 2022ರ ಅಧಿಸೂಚನೆಯಲ್ಲಿ ಆರರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಮೂಲ ವೇತನವೇ 27,650ರಿಂದ ಶುರುವಾಗುತ್ತಿತ್ತು. ಅದೇ ತರಗತಿ, ಅದೇ ಪುಸ್ತಕ, ಅದೇ ಮಕ್ಕಳು. ನನಗೆ 10,000. 2025ರ ಮಾರ್ಚ್ 7ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು 2,000 ಹೆಚ್ಚಿಸುವುದಾಗಿ ಹೇಳಿದ್ದೀರಿ. ಅದಕ್ಕೆ ಮನಸಾರೆ ಧನ್ಯವಾದ. ಆದರೆ 12,000 ಆದರೂ ಅದು ವರ್ಷಕ್ಕೆ ಹತ್ತು ತಿಂಗಳು ಮಾತ್ರ, ಮತ್ತು ಯಾವ ತಿಂಗಳು ಕೈಗೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಈಗ ನಮ್ಮ ತಂಗಿಯ ಮುಂದೆ ನನಗಿಂತ ಜಾಸ್ತಿ ಗೊಂದಲವಿದೆ. 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿ.ಇಡಿ ಆದವರು ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಲು ಬರುವುದಿಲ್ಲ, ಅದಕ್ಕೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಅಂದರೆ ಡಿ.ಎಲ್.ಇಡಿ ಬೇಕು. ಚಿಕ್ಕ ಮಕ್ಕಳಿಗೆ ಕಲಿಸಲು ಬೇರೆಯದೇ ತರಬೇತಿ ಬೇಕು ಅನ್ನುವುದು ಸರಿ. ಆದರೆ ಇದನ್ನು ಅವಳಿಗೆ ಹೇಳಿದವಳು ನಾನು, ಕಾಲೇಜಿನ ಪಾಂಪ್ಲೆಟ್ ಅಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿಯೇ ಕನಿಷ್ಠ ಅರ್ಹತೆ ಅನ್ನುತ್ತದೆ. 2025ರಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡು ನಿಯಮದಲ್ಲಿ ಸ್ನಾತಕೋತ್ತರ ಪದವಿ ಅಥವಾ ನಾಲ್ಕು ವರ್ಷದ ಪದವಿ ಇದ್ದವರಿಗೆ ಮತ್ತೆ ಒಂದು ವರ್ಷದ ಬಿ.ಇಡಿ ಬರುತ್ತಿದೆ. ಮೂರು ವರ್ಷದ ಡಿಗ್ರಿ ಮುಗಿಸುತ್ತಿರುವ ಹುಡುಗಿ ಯಾವುದನ್ನು ಹಿಡಿಯಬೇಕು? ಈಗ ಎರಡು ವರ್ಷದ್ದು ಸೇರಿ 2027ಕ್ಕೆ ಮುಗಿಸಿದರೆ ಅದಕ್ಕೆ ಎಷ್ಟು ವರ್ಷ ಮಾನ್ಯತೆ? ಇನ್ನೂ ಒಂದು ಮಾತು, ಸೇರದೆ ಮನೆಯಲ್ಲಿದ್ದರೆ ಕೆಲಸವಿಲ್ಲದ ಪದವೀಧರರಿಗೆ ಸರಕಾರ ಕೊಡುವ ಯುವನಿಧಿಯ ತಿಂಗಳಿಗೆ 3,000 ರೂಪಾಯಿ ಎರಡು ವರ್ಷ ಸಿಗಬಹುದು, ಸೇರಿದರೆ ಮುಂದೆ ಓದುತ್ತಿದ್ದಾಳೆ ಅಂತ ಅದೂ ಇಲ್ಲ. ಅದನ್ನೂ ಖರ್ಚಿನ ಕಡೆ ಬರೆದರೆ ಇನ್ನೊಂದು 72,000.

ಸರ್, ಇಷ್ಟು ಹೇಳಿದ ಮೇಲೆ ನಾನು ಕೇಳುವುದು ದೊಡ್ಡದೇನಲ್ಲ.

ಎಲ್ಲಕ್ಕಿಂತ ಮೊದಲು, ಬಿ.ಇಡಿ ಕೌನ್ಸೆಲಿಂಗ್ ಅರ್ಜಿಯ ಜೊತೆ ಒಂದು ಹಾಳೆ ಕೊಡಿ. ಕನ್ನಡದಲ್ಲಿ, ಒಂದೇ ಹಾಳೆ. ಈ ವರ್ಷ ರಾಜ್ಯದಲ್ಲಿ ಎಷ್ಟು ಬಿ.ಇಡಿ ಸೀಟು ಇವೆ, ಟಿಇಟಿ ಪಾಸಾಗಿ ಕಾಯುತ್ತಿರುವವರು ಎಷ್ಟು ಜನ, ಗಣಿತ, ವಿಜ್ಞಾನ, ಸಮಾಜ, ಕನ್ನಡ, ಇಂಗ್ಲಿಷ್ ಅಂತ ವಿಷಯವಾರು ಎಷ್ಟು ಹುದ್ದೆ ಖಾಲಿ ಇವೆ, ಕಳೆದ ನೇಮಕಾತಿ ಯಾವಾಗ ಆಯಿತು, ಅತಿಥಿ ಶಿಕ್ಷಕರಿಗೆ ಏನು ಸಿಗುತ್ತದೆ, ಈ ಪದವಿಯಿಂದ ಯಾವ ತರಗತಿಗೆ ಪಾಠ ಮಾಡಬಹುದು, ಯಾವುದಕ್ಕೆ ಬರುವುದಿಲ್ಲ. ಈ ಅಂಕಿ ಎಲ್ಲ ನಿಮ್ಮ ಇಲಾಖೆಯ ಕಂಪ್ಯೂಟರಿನಲ್ಲೇ ಇವೆ. ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣ ಇಷ್ಟು ಅಂತ ಬರೆದಿರುತ್ತದೆ, ಅಪ್ಪ ಅದನ್ನು ಓದದೆ ಚೀಲ ಎತ್ತುವುದಿಲ್ಲ. ಎರಡು ಲಕ್ಷ ಹಾಕಿ ಸೇರುವ ಕೋರ್ಸಿಗೆ ಅಷ್ಟನ್ನಾದರೂ ಬರೆದು ಕೊಡಿ. ಓದಿ ನೋಡಿಯೂ ಸೇರುವವರು ಸೇರಲಿ, ನಾನೂ ಬಹುಶಃ ಸೇರುತ್ತಿದ್ದೆ. ಆದರೆ ಬೋರಮಾಳ ಒತ್ತೆ ಇಡುವ ಮೊದಲು ಅವ್ವನಿಗೆ ಸತ್ಯ ಹೇಳುತ್ತಿದ್ದೆ.

ಕಾಲೇಜುಗಳ ಫೀ ವಿಷಯದಲ್ಲೂ ಅಷ್ಟೇ. ಸೀರೆ, ಕ್ಯಾಂಪು, ರೆಕಾರ್ಡು, ಪ್ರವಾಸ, ಯಾವ ಹೆಸರಿನಲ್ಲಿ ತೆಗೆದುಕೊಂಡರೂ ಎರಡು ವರ್ಷದ ಪೂರ್ತಿ ಮೊತ್ತವನ್ನು ಸೇರುವ ದಿನವೇ ನೋಟಿಸ್ ಬೋರ್ಡಿಗೆ ಹಾಕಲಿ, ಪ್ರತಿ ರೂಪಾಯಿಗೆ ರಸೀದಿ ಕೊಡಲಿ. ರಸೀದಿ ಕೇಳಿದವರ ಇಂಟರ್ನಲ್ ಅಂಕ ಕಡಿಮೆಯಾಗುವ ಭಯ ಇದೆ. ಅದಕ್ಕೆ ದೂರನ್ನು ಕಾಲೇಜಿನ ಹೊರಗೆ, ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೆಸರು ಗುಟ್ಟಾಗಿಟ್ಟು ತೆಗೆದುಕೊಳ್ಳುವ ಏರ್ಪಾಡು ಮಾಡಿ. ಬರದೆ ಇರುವವರಿಗೆ ಹಾಜರಿ ಹಾಕುವ ಕಾಲೇಜಿಗೆ ಒಂದು ದಿನ ಸುಮ್ನೆ ಹೇಳದೆ ಕೇಳದೆ ಹೋಗಿ ಬನ್ನಿ, ಬೆಂಚುಗಳೇ ಹೇಳುತ್ತವೆ.

ಇಂಟರ್ನ್‌ಶಿಪ್‌ನಲ್ಲಿ ಖಾಲಿ ಹುದ್ದೆಯ ಪೀರಿಯಡ್ ತೆಗೆದುಕೊಳ್ಳುವ ವಿದ್ಯಾರ್ಥಿಗಳಿಗೆ ಆ 16 ವಾರದ ಮೆಸ್ ಬಿಲ್ಲು ಮತ್ತು ಪಾಠೋಪಕರಣದ ಖರ್ಚಾದರೂ ಕೊಡಿ. ಮತ್ತೆ ಯಾರಾದರೂ ಬಂದು ಪಾಠ ನೋಡಲಿ, ತಪ್ಪು ತಿದ್ದಲಿ. ದುಡ್ಡಿಗಿಂತ ಅದು ಜಾಸ್ತಿ ಬೇಕಾಗಿತ್ತು ನನಗೆ.

ಅತಿಥಿ ಶಿಕ್ಷಕರ ಗೌರವಧನ ಕಾಯಂ ಶಿಕ್ಷಕರ ಸಂಬಳದ ದಿನವೇ ಖಾತೆಗೆ ಬರಲಿ. ರಜೆಯ ಎರಡು ತಿಂಗಳಿಗೆ ಅರ್ಧವಾದರೂ ಕೊಡಿ. ಕೆಲಸ ಮಾಡಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಸೇವಾ ಪ್ರಮಾಣಪತ್ರ ಕೊಟ್ಟು, ನೇಮಕಾತಿಯಲ್ಲಿ ವರ್ಷಕ್ಕೆ ಇಷ್ಟು ಅಂತ ಅಂಕ ಸೇರಿಸಿ. ಖಾಸಗಿ ಶಾಲೆಗಳು ನಮ್ಮ ಒರಿಜಿನಲ್ ಕಾರ್ಡು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ, ಅದರಲ್ಲಿ ದೂರು ಕೊಡುವ ಫೋನ್ ನಂಬರ್ ಇರಲಿ.

ನೇಮಕಾತಿಗೆ ಒಂದು ಕ್ಯಾಲೆಂಡರ್ ಮಾಡಿ. ಹತ್ತು ಸಾವಿರ ಹುದ್ದೆಯನ್ನು ಐದು ವರ್ಷಕ್ಕೊಮ್ಮೆ ಕರೆಯುವುದಕ್ಕಿಂತ ವರ್ಷಕ್ಕೆ ಎರಡು ಸಾವಿರ ಕರೆಯಿರಿ. ಯಾವ ತಿಂಗಳು ಟಿಇಟಿ, ಯಾವ ತಿಂಗಳು ಅಧಿಸೂಚನೆ, ಯಾವ ತಿಂಗಳು ಪರೀಕ್ಷೆ ಅಂತ ಗೊತ್ತಿದ್ದರೆ ನಾವು ಮದುವೆ, ಸಾಲ, ಬೇರೆ ಕೆಲಸ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ. ಅಧಿಸೂಚನೆ ನಿಂತ ಕಾಲವನ್ನು ವಯೋಮಿತಿಯಲ್ಲಿ ಸೇರಿಸಿ ಕೊಡಿ, ಪಕ್ಕದ ರೂಮಿನ ಆ ಅಕ್ಕನಂಥವರಿಗೆ ಒಂದು ಅವಕಾಶವಾದರೂ ಉಳಿಯಲಿ.

ಬ್ರಿಟಿಷರ ಕಾಲದಲ್ಲಿ ಶಿಕ್ಷಣ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಊರೂರು ತಿರುಗಿದ ನೆಲ ಇದು. ಇವತ್ತಿಗೂ ನಮ್ಮ ಕಡೆ ಒಂದು ಮನೆಯಲ್ಲಿ ಮಾಸ್ತರ್ ಇದ್ದಾರೆ ಅಂದರೆ ಆ ಓಣಿಯವರು ಪತ್ರ ಓದಿಸಲು, ಅರ್ಜಿ ಬರೆಸಲು ಅಲ್ಲಿಗೇ ಬರುತ್ತಾರೆ. ನನ್ನ ಹತ್ತಿರವೂ ಬರುತ್ತಾರೆ. ವೃದ್ಧಾಪ್ಯ ವೇತನದ ಅರ್ಜಿ ಬರೆಸಿಕೊಂಡು ಹೋಗುವಾಗ ಒಬ್ಬ ಅಜ್ಜಿ, "ನಿನಗ ಪಗಾರ ಚಲೋ ಬರತಿರಬೇಕಲ್ಲವಾ, ಸಾಲಿ ಕಲಿಸಾಕಿ" ಅಂದಳು. ನಾನು ಹೂಂ ಅಂದೆ. ಸುಳ್ಳು ಹೇಳಿದ್ದಕ್ಕೆ ಇಡೀ ದಿನ ಮನಸ್ಸು ಸರಿ ಇರಲಿಲ್ಲ.

ತಂಗಿಯ ಡಿಗ್ರಿ ಪರೀಕ್ಷೆ ಇನ್ನೇನು ಬಂತು. ರಿಸಲ್ಟ್ ಬಂದ ಮೇಲೆ ಬಿ.ಇಡಿ ಅರ್ಜಿ ಹಾಕುತ್ತಾಳೋ ಇಲ್ಲವೋ, ಅಷ್ಟರೊಳಗೆ ತೀರ್ಮಾನ ಮಾಡಬೇಕು. ಚಿಗವ್ವ ಈಗಾಗಲೇ ಸಂಘದಲ್ಲಿ ಸಾಲ ಕೇಳಿಟ್ಟಿದ್ದಾಳೆ. ನಾನು ಹೇಳಿದ ಆ ಒಂದು ಹಾಳೆ ಕೌನ್ಸೆಲಿಂಗ್ ಶುರುವಾಗುವ ಮೊದಲು ಬಂದರೆ, ನಾನೇ ಅದನ್ನು ಝೆರಾಕ್ಸ್ ಮಾಡಿಸಿ ಅವಳ ಮನೆಗೆ ತೆಗೆದುಕೊಂಡು ಹೋಗಿ, ಚಿಗವ್ವನಿಗೆ ಸಾಲು ಸಾಲಾಗಿ ಓದಿ ಹೇಳುತ್ತೇನೆ.

ಮಾರ್ಚ್ ತಿಂಗಳ ಗೌರವಧನವನ್ನೂ ದಯವಿಟ್ಟು ಬೇಗ ಹಾಕಿಸಿ.

ನಿಮ್ಮ ಉತ್ತರಕ್ಕೆ ಕಾಯುವ,
ಒಬ್ಬ ಅತಿಥಿ ಶಿಕ್ಷಕಿ
ಹಾವೇರಿ ಜಿಲ್ಲೆ
ಏಪ್ರಿಲ್ 2025